ಟೆಸ್ಟರ್ ಹೇಳುವ ಸಾಕ್ಷಿ

ಮೋರಟಗಿಯ ಕಡೆ ಮನೆಯಿಂದ ಟ್ರ್ಯಾಕ್ಟರ್ ನಿಲ್ಲಿಸುವ ತಗಡಿನ ಶೆಡ್ಡಿಗೆ ಒಂದು ವೈರು ಎಳೆದಿರುತ್ತಾರೆ. ಬೇವಿನ ಟೊಂಗೆ, ಬಿದಿರ ಗಳ, ಯಾರು ಸಿಕ್ಕರೆ ಅವರ ಹೆಗಲೇರಿ ಅದು ಶೆಡ್ ಸೇರುತ್ತದೆ. ಅಲ್ಲಿ ಬಲ್ಬು ಚೆನ್ನಾಗಿಯೇ ಹತ್ತುತ್ತದೆ. ನೀರೆತ್ತುವ ಮೋಟರು ಮಾತ್ರ ‘ಗುಂಯ್’ ಎಂದು ನರಳಿ ನಿಂತುಬಿಡುತ್ತದೆ. ಆಗ ಯಾರದೋ ಜೇಬಿನಿಂದ ಟೆಸ್ಟರ್ ಹೊರಬರುತ್ತದೆ, ಅದರ ಪುಟ್ಟ ದೀಪ ಮಿನುಗುತ್ತದೆ, ತೀರ್ಪು ಅಲ್ಲೇ ಬೀಳುತ್ತದೆ: “ಕರೆಂಟ ಅದಲ್ಲೋ ತಮ್ಮಾ, ಮೋಟರ ಸುಟ್ಟದ!” ನಿರಪರಾಧಿ ಮೋಟರು ರಿವೈಂಡಿಂಗ್‌ಗೆಂದು ಸಿಂದಗಿಯ ದಾರಿ ಹಿಡಿಯುತ್ತದೆ. ಈ ನ್ಯಾಯಾಲಯದಲ್ಲಿ ಅಪರಾಧಿ ಬಹುಪಾಲು ಆ ನಡುವಿನ ವೈರೇ. ಟೆಸ್ಟರ್ ಅದರ ಪರ ಸಾಕ್ಷಿ ಹೇಳುತ್ತಿದೆ ಎಂಬುದು ನನ್ನ ವಾದ.

ಟೆಸ್ಟರ್ ದೀಪಕ್ಕೆ ಒಂದು ಮಿಲಿಆಂಪಿಯರ್ ಕೂಡ ಬೇಡ. ಒಂದೇ ಎಳೆಯಲ್ಲಿ ಜೀವ ಹಿಡಿದಿರುವ ಜಾಯಿಂಟೂ ಅಷ್ಟನ್ನು ದಾಟಿಸುತ್ತದೆ. ನ್ಯೂಟ್ರಲ್ ಕಡಿದು ಬಲ್ಬಿನ ಸ್ವಿಚ್ ಹಾಕಿಯೇ ಇದ್ದರಂತೂ ಸಾಕೆಟ್ಟಿನ ಎರಡೂ ತೂತಿನಲ್ಲಿ ಟೆಸ್ಟರ್ ದೀಪ ಹೊಳೆಯುತ್ತದೆ. ಕರೆಂಟು ದುಪ್ಪಟ್ಟು ಬಂದಿದೆ ಎಂದು ಹಿಗ್ಗುವವರೂ ಉಂಟು. ಇನ್ನು ವೈರಿನ ಲೆಕ್ಕ ನೋಡಿ. 1 ಚದರ ಮಿಲಿಮೀಟರಿನ ತಾಮ್ರದ ವೈರಿಗೆ ಕಿಲೋಮೀಟರಿಗೆ ಸುಮಾರು 18 ಓಮ್ ರೋಧ. ಶೆಡ್ 60 ಮೀಟರ್ ದೂರವಿದ್ದರೆ ಹೋಗಿ ಬರುವ ದಾರಿ 120 ಮೀಟರ್, ಅಂದರೆ ಎರಡು ಓಮ್ ಚಿಲ್ಲರೆ. 9 ವ್ಯಾಟಿನ ಎಲ್‌ಇಡಿಗೆ ಇದು ಗೊತ್ತೇ ಆಗದು. ಒಂದು ಎಚ್‌ಪಿ ಮೋಟರು ಎದ್ದೇಳುವಾಗ 30 ಆಂಪಿಯರ್ ಕೇಳಿತೆನ್ನಿ; 65 ವೋಲ್ಟ್ ದಾರಿಯಲ್ಲೇ ಕರಗಿ 230ರ ಜಾಗದಲ್ಲಿ 165 ಉಳಿಯುತ್ತದೆ. ಮೋಟರಿನ ತಿರುಗುಬಲ ವೋಲ್ಟೇಜಿನ ವರ್ಗದಂತೆ ಇಳಿಯುವುದರಿಂದ ಅದು ಸರಿಸುಮಾರು ಅರ್ಧಕ್ಕೆ ಬರುತ್ತದೆ. ಹಟ ಹಿಡಿದು ಗುಂಡಿ ಒತ್ತುತ್ತಲೇ ಇದ್ದರೆ ಮೋಟರು ನಿಜಕ್ಕೂ ಸುಟ್ಟು, ತೀರ್ಪಿನ ಮಾನ ಉಳಿಸುತ್ತದೆ.

“ಬ್ಯಾಸಗ್ಯಾಗ ಲೈನಿನ್ಯಾಗ ವೋಲ್ಟೇಜ ಇರಂಗಿಲ್ಲ” ಎಂಬ ಆಕ್ಷೇಪವಿದೆ. ಕೂಡಗಿಯಲ್ಲಿ 2400 ಮೆಗಾವ್ಯಾಟಿನ ಸ್ಥಾವರವಿರುವ ಜಿಲ್ಲೆಯಲ್ಲೂ ಅದು ಸುಳ್ಳಲ್ಲ. ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಎದ್ದರೆ ಟ್ರಾನ್ಸ್‌ಫಾರ್ಮರ್ ತಾನೇ ಏನು ಮಾಡೀತು? ಆದರೆ ಮೋಟರು ನರಳುತ್ತಿರುವಾಗಲೇ ಮಲ್ಟಿಮೀಟರಿನಲ್ಲಿ ಎರಡೂ ಕಡೆ ಅಳೆಯಿಸಿ. ಮನೆಯ ಬೋರ್ಡಿನಲ್ಲಿ 225, ಶೆಡ್ಡಿನಲ್ಲಿ 165 ಇದ್ದರೆ ಲೈನ್‌ಮ್ಯಾನ್ ಮನೆಗೆ ಹೋಗುವ ಕೆಲಸವಿಲ್ಲ. ದೂರವೊಂದೇ ಅಡ್ಡಿಯಲ್ಲ: 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಗಣಿಗೆ ಸುಮಾರು 147 ಕಿಲೋಮೀಟರ್ ವಿದ್ಯುತ್ ಹರಿದದ್ದು ವೋಲ್ಟೇಜ್ ಏರಿಸಿ ಆಂಪಿಯರ್ ಇಳಿಸಿದ್ದರಿಂದ. ನಮ್ಮ ಶೆಡ್ಡಿಗೆ ಆ ಭಾಗ್ಯವಿಲ್ಲ. ದಪ್ಪ ವೈರು, ಬಿಗಿ ಜಾಯಿಂಟು, ಅಷ್ಟೇ. ತಾಮ್ರಕ್ಕೆ ಅಲ್ಯೂಮಿನಿಯಂ ತಿರುವಿ ಟೇಪು ಸುತ್ತಿದ್ದು ಮೋರಟಗಿಯ ಬಿಸಿಲಿಗೆ ಎಷ್ಟು ದಿನ ಬಾಳೀತು? ಕರೆಂಟು ಸೋರಿದರೆ ಲೈನ್ ಕಡಿಯುವ ಆರ್‌ಸಿಸಿಬಿ ಪದೇಪದೇ ಬೀಳುತ್ತದೆಂದು ಅದನ್ನೇ ಕಿತ್ತುಹಾಕುವವರ ವಿಷಯ ಬೇರೆ. 30 ಮಿಲಿಆಂಪಿಯರ್ ಸೋರಿದರೂ ಕೂಗುವ ಆ ಒಬ್ಬ ಸಾಕ್ಷಿಯನ್ನು ಅವರು ಗಡಿಪಾರು ಮಾಡಿರುತ್ತಾರೆ.

ದಪ್ಪ ವೈರು ದುಬಾರಿ ಎಂಬುದು ಕೊನೆಯ ಆಕ್ಷೇಪ. ದುಬಾರಿಯೇ. ಆದರೆ 4 ಚದರ ಮಿಲಿಮೀಟರಿನದು ಹಾಕಿದರೆ ಆ 65 ವೋಲ್ಟಿನ ನಷ್ಟ 17ಕ್ಕೆ ಇಳಿಯುತ್ತದೆ, ವೈರನ್ನು ಕೊಳ್ಳುವುದೂ ಒಂದೇ ಸಲ. ಈ ಲೆಕ್ಕವನ್ನು ರಿವೈಂಡಿಂಗ್ ಅಂಗಡಿಯವರು ತಾವಾಗಿ ಹೇಳಲಿ ಎಂದು ಕಾಯುವುದು ಮಾತ್ರ ಅವರ ಹೊಟ್ಟೆಯ ಮೇಲೆ ಹೊಡೆದಂತೆ.