ಬೀಡಿ, ಬಿಡಿ ಮತ್ತು ಒಂದು ಉಂಗುರ

ಬೀಡಿಗೂ ಬಿಡಿಗೂ ನಡುವೆ ಇರುವುದು ಒಂದೇ ಒಂದು ದೀರ್ಘ. ಆ ದೀರ್ಘವನ್ನು ಹ್ರಸ್ವ ಮಾಡಿಕೊಳ್ಳಲು ನನಗೆ ಇಪ್ಪತ್ತೆಂಟು ವರ್ಷ ಹಿಡಿಯಿತು. ಗೂಡಂಗಡಿಯ ಮುಂದೆ ನಿಂತು ದಿನಾ “ಒಂದು ಬಿಡಿ ಸಿಗರೇಟು ಕೊಡಪ್ಪ” ಎನ್ನುತ್ತಿದ್ದೆ. ‘ಬಿಡಿ ಸಿಗರೇಟು’ ಎಂಬ ಉಪದೇಶ ನನ್ನ ಬಾಯಿಂದಲೇ ಬರುತ್ತಿದ್ದರೂ ಕಿವಿಗೆ ಬೀಳುತ್ತಿರಲಿಲ್ಲ. 2017ರಲ್ಲಿ ಸರ್ಕಾರ ಬಿಡಿ ಮಾರಾಟವನ್ನೇ ನಿಷೇಧಿಸಿತು. ಅಂಗಡಿಯವನು ಕಾನೂನಿಗೆ ಮರ್ಯಾದೆ ಕೊಟ್ಟು, ಅಂದಿನಿಂದ ಪ್ಯಾಕನ್ನು ಹಲಗೆಯ ಕೆಳಗೆ ಇಟ್ಟುಕೊಂಡು ಬಿಡಿಯಾಗಿ ಕೊಡತೊಡಗಿದ.

ನಾನು ಕಲಿತಾಗ ಅಂಗಡಿಯ ಕಂಬಕ್ಕೆ ನಾರಿನ ಹಗ್ಗ ನೇತಾಡುತ್ತಿತ್ತು. ತುದಿಯಲ್ಲಿ ಸದಾ ಕೆಂಡ. ಬೂದಿ ಕೊಡವಿ, ಉಫ್ ಎಂದು ಊದಿ ಕೆಂಪಾಗಿಸಿ, ತಲೆ ಬಗ್ಗಿಸಿ ಹಚ್ಚಿಕೊಳ್ಳಬೇಕು. ದೇವಸ್ಥಾನದಲ್ಲೂ ನಾನು ಅಷ್ಟು ಭಕ್ತಿಯಿಂದ ಬಗ್ಗಿದವನಲ್ಲ. ಹಾಸ್ಟೆಲಿನಲ್ಲಿ ಹೊಗೆಯ ಉಂಗುರ ಬಿಡುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ.

ಬಿಡಲು ಕಾರಣಗಳಿಗೇನೂ ಬರವಿರಲಿಲ್ಲ. 2016ರಿಂದ ಪ್ಯಾಕಿನ ಶೇಕಡಾ 85 ಭಾಗವನ್ನು ಎಚ್ಚರಿಕೆಯೇ ಆವರಿಸಿದೆ. ನಾನು ಉಳಿದ ಹದಿನೈದು ಭಾಗವನ್ನಷ್ಟೇ ನೋಡುತ್ತಿದ್ದೆ. ಹುಣಸೂರಿನ ಕಡೆ ಹೊಗೆಸೊಪ್ಪು ಬೆಳೆಯುವ ನನ್ನ ಭಾವಮೈದ ಒಂದು ದಮ್ಮೂ ಎಳೆದವನಲ್ಲ. “ರಾತ್ರಿಯಿಡೀ ಸೊಪ್ಪು ಹದ ಮಾಡೋ ಬ್ಯಾರನ್ ಮುಂದೆ ಕೂತು ಬೆಂಕಿ ಕಾಯೋನಿಗೆ ಬಾಯಲ್ಲೂ ಒಂದು ಬೆಂಕಿ ಬೇಕಾ ಭಾವ?” ಅನ್ನುತ್ತಾನೆ. ಹಾಗಂತ ನಾನು ಪ್ರಯತ್ನಿಸಲಿಲ್ಲವೆಂದಲ್ಲ. ಯುಗಾದಿಯಂದು ಬಿಟ್ಟೆ, ಬೇವಿನ ಕಹಿ ಹೋಗಲೆಂದು ಸಂಜೆ ಒಂದು ಸೇದಿದೆ. ಆಯುಧಪೂಜೆಗೆ ಲೈಟರನ್ನು ಎಸೆಯಲು ಹೊರಟವನು, ಇದೂ ಆಯುಧವೇ ಅಲ್ಲವೇ ಎನಿಸಿ, ಕುಂಕುಮವಿಟ್ಟು ಮತ್ತೆ ಜೇಬಿಗೆ ಇಳಿಸಿದೆ. ಇವೆಲ್ಲ ಸಣ್ಣ ಕಾರಣಗಳು, ದೊಡ್ಡದೊಂದು ಬರಲಿ ಎಂದು ಕಾದೆ.

ಬಂದದ್ದು ಆಷಾಢದ ಒಂದು ರಾತ್ರಿ, ಜಿಟಿಜಿಟಿ ಮಳೆಯಲ್ಲಿ. ಹನ್ನೊಂದು ಗಂಟೆ, ಅಂಗಡಿಗಳೆಲ್ಲ ಬಾಗಿಲು ಹಾಕಿವೆ, ಪ್ಯಾಕು ಖಾಲಿ. ಸಂಜೆ ಅರ್ಧ ಸೇದಿ ಕಿಟಕಿಯಿಂದ ಎಸೆದ ಮೋಟು ನೆನಪಾಯಿತು. ಒದ್ದೆಯಾಗಿದ್ದರೇನು, ದೋಸೆ ಕಾವಲಿಯ ಮೇಲೆ ಒಣಗಿಸಿದರಾಯಿತು! ಪಂಚೆ ಎತ್ತಿ ಕಟ್ಟಿ, ಟಾರ್ಚು ಹಿಡಿದು, ದಾಸವಾಳದ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತೆ.

“ಏನು ಸಾರ್ ಹುಡುಕ್ತಿದ್ದೀರಿ?” ಎದುರುಮನೆಯ ನಿವೃತ್ತ ಹೆಡ್‌ಮೇಷ್ಟ್ರು, ಕೊಡೆ ಸಮೇತ.

“ಉಂಗುರ ಬಿತ್ತು ಮೇಷ್ಟ್ರೇ.” ಬಾಯಿಗೆ ಬಂದದ್ದು ಅದು.

“ಅಯ್ಯಯ್ಯೋ, ಚಿನ್ನದ್ದೇ?” ಎಂದವರೇ ಹೆಂಡತಿಯನ್ನು ಕರೆದರು. ಅವರು ಎಮರ್ಜೆನ್ಸಿ ಲೈಟು ತಂದರು. ಮೇಷ್ಟ್ರು ತೋಟವನ್ನು ನಾಲ್ಕು ಭಾಗ ಮಾಡಿ, ಪರೀಕ್ಷೆಯ ಕೊಠಡಿ ಹಂಚಿದಂತೆ ನಮಗೆಲ್ಲ ಹಂಚಿದರು. ಅರ್ಧ ಗಂಟೆ ಕೆಸರು ಕೆದಕಿದೆವು. “ಥೂ, ಯಾವನೋ ಮೋಟು ಸಿಗರೇಟು ಎಸೆದಿದ್ದಾನೆ” ಎಂದು ಮೇಷ್ಟ್ರು ಅದನ್ನು ಕಡ್ಡಿಯಲ್ಲಿ ಎತ್ತಿ ಚರಂಡಿಗೆ ಹಾಕಿದಾಗ ನನ್ನ ಹೊಟ್ಟೆ ಚುರ್ ಎಂದಿತು. ಅಷ್ಟರಲ್ಲಿ ನನ್ನಾಕೆ ಬಾಗಿಲಿಗೆ ಬಂದಳು. “ಉಂಗುರವೇ? ಇವರು ಬಿಡೋ ಉಂಗುರ ಗಾಳಿಯಲ್ಲೇ ಕರಗುತ್ತೆ ಮೇಷ್ಟ್ರೇ, ಕೆಳಗೆ ಬೀಳೋದಿಲ್ಲ.” ಮೇಷ್ಟ್ರಿಗೆ ಅರ್ಥವಾಗಲಿಲ್ಲ. ನನಗೆ ಆಯಿತು.

ಮರುದಿನ ಖಾಲಿ ಪ್ಯಾಕಿನ ಮೇಲಿದ್ದ ತಂಬಾಕು ಬಿಡಿಸುವ ಸಹಾಯವಾಣಿ 1800-11-2356ಕ್ಕೆ ಫೋನು ಮಾಡಿದೆ. ಸೇದುವ ಚಪಲ ಅಲೆಯಂತೆ, ಕೆಲವೇ ನಿಮಿಷದಲ್ಲಿ ಇಳಿಯುತ್ತದೆ. ಅಷ್ಟು ಹೊತ್ತು ಮುಂದೂಡಿ, ನೀರು ಕುಡಿಯಿರಿ ಎಂದರು. ಮುಂದೂಡುವುದೇ! ವರ್ಷಗಟ್ಟಲೆ ಕಚೇರಿಯಲ್ಲಿ ಕಡತ ಮುಂದೂಡಿದವನಿಗೆ ಹೇಳಿಕೊಡಬೇಕೇ? ಆದರೂ ಮೊದಲ ವಾರ ಮನೆಯವರೆಲ್ಲರ ಮೇಲೆ ಸಿಡುಕಿದೆ, ಸೋಂಪು ಅಗಿದು ಅಗಿದು ದವಡೆ ನೋಯಿಸಿಕೊಂಡೆ, ಕಾಫಿ ಕುಡಿದಾಗ ಬಲಗೈ ಏನು ಮಾಡಬೇಕೆಂದು ತಿಳಿಯದೆ ಜೇಬು ತಡಕುತ್ತಿತ್ತು.

ಹದಿನಾಲ್ಕು ತಿಂಗಳಾಯಿತು. ಮೇಷ್ಟ್ರು ಇಂದಿಗೂ ಬೆಳಗಿನ ವಾಕಿಂಗಿನಲ್ಲಿ ಸಿಕ್ಕರೆ ತಪ್ಪದೆ ಕೇಳುತ್ತಾರೆ: “ಸಾರ್, ಉಂಗುರ ಸಿಕ್ತಾ?”

“ಇಲ್ಲ ಮೇಷ್ಟ್ರೇ,” ಎನ್ನುತ್ತೇನೆ, “ಹುಡುಕೋದು ಬಿಟ್ಟೆ.”