ಚಾ ಚಾ ಚಾ ಬಂದ ದಾರಿ

ಚಾ ಚಾ ಚಾ ಇಂಗ್ಲಿಷಿನವರ ಕುಣಿತ ಅಂತ ನಿಮಗೆ ಯಾರು ಹೇಳಿದ್ದು, ಅಕ್ಕಾ? ಕಲಿಸೋ ಪುಸ್ತಕ ಇಂಗ್ಲಿಷಿನದು, ಪರೀಕ್ಷೆ ನಡೆಸೋ ಸಂಸ್ಥೆ ಲಂಡನ್ನಿನದು, ಅದೆಲ್ಲ ನಿಜ. ಕುಣಿತ ಹುಟ್ಟಿದ್ದು ಮಾತ್ರ ಕ್ಯೂಬಾದ ಹವಾನಾದಲ್ಲಿ. ‘ದೊಡ್ಡ ಮನುಷ್ಯರ ಕ್ಲಬ್ಬಿನ ಶೋಕಿ, ನಮ್ಮ ಮಕ್ಕಳಿಗೆ ಯಾಕೆ’ ಅಂತ ಮೊನ್ನೆ ನೀವಂದಾಗಿನಿಂದ ನಿಮಗಿದನ್ನ ಹೇಳಬೇಕು ಅಂತ ಕಾಯ್ತಿದ್ದೆ. ಒಲೆ ಮೇಲೆ ಏನೂ ಇಲ್ಲ ತಾನೆ? ಹಾಗಾದರೆ ಕೇಳಿ.

ಎನ್ರಿಕೆ ಹೊರಿನ್ ಅಂತ ಒಬ್ಬ ಪಿಟೀಲು ವಾದಕ, 1926ರಲ್ಲಿ ಹುಟ್ಟಿದವನು. ‘ಓರ್ಕೆಸ್ತಾ ಅಮೆರಿಕಾ’ ಅನ್ನೋ ತಂಡದಲ್ಲಿ ನುಡಿಸ್ತಿದ್ದ. ಕೊಳಲು, ಪಿಟೀಲು, ಪಿಯಾನೋ, ಜೊತೆಗೆ ಮೈಮೇಲೆ ಸಾಲುಸಾಲಾಗಿ ಗೀರು ಕೊರೆದ ಒಣ ಸೋರೆಬುರುಡೆ. ಅದನ್ನ ಕಡ್ಡಿಯಿಂದ ಉಜ್ಜಿದರೆ ಕರ್‌ಕರ್ ಅನ್ನುತ್ತೆ. ಗ್ವೀರೊ ಅಂತ ಅದರ ಹೆಸರು. ಆಗ ಹವಾನಾದ ತುಂಬ ಮಾಂಬೋ ಅನ್ನೋ ಕುಣಿತದ ಹುಚ್ಚು. ಆದರೆ ಅದರ ಲಯ ಸುಲಭದ್ದಲ್ಲ. ನಮ್ಮ ಕೀರ್ತನೆಯಲ್ಲಿ ಎಡುಪು ಪೆಟ್ಟು ಬಿಟ್ಟು ಸರಿದು ಬಂದರೆ ತಾಳ ಹಾಕೋರು ತಡವರಿಸೋದಿಲ್ಲವೇ, ಹಾಗೆ ಕುಣಿಯೋಕೆ ಬಂದ ಸಾಮಾನ್ಯ ಜನ ತಡವರಿಸೋರು. ಹೊರಿನ್ ವೇದಿಕೆ ಮೇಲೆ ನಿಂತು ಅವರ ಕಾಲುಗಳನ್ನ ನೋಡ್ತಾ ಇದ್ದ. ಕೊನೆಗೆ ರಾಗವನ್ನೇ ತಂದು ತಾಳದ ನೇರ ಪೆಟ್ಟಿಗೆ ಕೂರಿಸಿದ. ಅಷ್ಟು ಮಾಡಿದ್ದೇ ತಡ, ಜನ ಎರಡು ನಿಧಾನದ ಹೆಜ್ಜೆ, ಅದರ ಬೆನ್ನಿಗೇ ಮೂರು ಚುರುಕು ಹೆಜ್ಜೆ ಹಾಕೋಕೆ ಶುರು ಮಾಡಿದರು. ಆ ಮೂರು ಹೆಜ್ಜೆಗೆ ಬೂಟುಗಳು ನೆಲಕ್ಕೆ ಉಜ್ಜಿದ ಸದ್ದೇ ಚಾ-ಚಾ-ಚಾ. 1953ರಲ್ಲಿ ಅವನ ‘ಲಾ ಎಂಗಾನ್ಯಾದೋರಾ’ ರೆಕಾರ್ಡು ಬಂತು, ಮೆಕ್ಸಿಕೋ, ನ್ಯೂಯಾರ್ಕು ಎಲ್ಲ ಕಡೆ ಹಬ್ಬಿತು. 1964ರ ಹೊತ್ತಿಗೆ ಮುಂಬಯಿಯಲ್ಲಿ ಹೆಲೆನ್ ಕುಣಿದ ‘ಚಾ ಚಾ ಚಾ’ ಅನ್ನೋ ಹಿಂದಿ ಸಿನಿಮಾನೇ ಬಂತಲ್ಲ!

ಕಲಿತವರು ಕಲಿಯದವರನ್ನ ಕಂಡು ಮೂಗು ಮುರಿಯೋ ಲೋಕ ಇದು. ತಪ್ಪು ಹೆಜ್ಜೆ ಹಾಕೋ ಜನರಿಗಾಗಿ ಸಂಗೀತಗಾರ ತನ್ನ ಸಂಗೀತವನ್ನೇ ಬದಲಾಯಿಸಿದ. ನನಗಂತೂ ಅವನ ಮೇಲೆ ಬಹಳ ಗೌರವ.

ಅವನಿಗೂ ಇದು ಆಕಾಶದಿಂದ ಉದುರಿದ್ದಲ್ಲ. ಇಂಗ್ಲೆಂಡಿನ ಹಳ್ಳಿಗಳಲ್ಲಿ ಗಂಡಸರು ಹೆಂಗಸರು ಎದುರುಬದುರು ಸಾಲಾಗಿ ನಿಂತು ಕುಣೀತಿದ್ದ ಕುಣಿತವೊಂದು ಫ್ರಾನ್ಸಿಗೆ ಹೋಗಿ ಅರಮನೆ ಸೇರಿತ್ತು. ಫ್ರೆಂಚರು ಅದನ್ನ ತಮ್ಮ ವಸಾಹತಾಗಿದ್ದ ಇಂದಿನ ಹೈಟಿಗೆ ಒಯ್ದರು. 1791ರಲ್ಲಿ ಅಲ್ಲಿನ ಗುಲಾಮರು ದಂಗೆ ಎದ್ದಾಗ ತೋಟದ ಮಾಲೀಕರು, ಅವರ ಜೊತೆ ಎಷ್ಟೋ ಕಪ್ಪು ಜನ, ಸಮುದ್ರ ದಾಟಿ ಪೂರ್ವ ಕ್ಯೂಬಾಕ್ಕೆ ಬಂದರು. ಸ್ಪೇನಿನ ದಾರಿಯಿಂದಲೂ ಅದೇ ಕುಣಿತ ಅಲ್ಲಿಗೆ ಬಂದಿತ್ತು. ಆಫ್ರಿಕಾದ ಲಯ ಅದರೊಳಗೆ ಇಳಿದದ್ದು ಈ ದ್ವೀಪಗಳ ನೆಲದಲ್ಲಿ. 1879ರ ಜನವರಿ 1ರಂದು ಮಟಾನ್ಸಾಸ್ ಊರಲ್ಲಿ ಮಿಗೆಲ್ ಫಾಯಿಲ್ದೆ ಅನ್ನೋನು ಆ ಕುಣಿತದಿಂದಲೇ ಬೆಳೆದ ‘ದಾನ್ಸೋನ್’ ಅನ್ನೋ ಹೊಸ ಬಗೆಯನ್ನ ನುಡಿಸಿದ. ಕಬ್ಬಿನ ತೋಟಗಳ ಊರು ಅದು. ಕ್ಯೂಬಾದಲ್ಲಿ ಗುಲಾಮಗಿರಿ ಪೂರ್ತಿ ರದ್ದಾಗಿದ್ದು 1886ರಲ್ಲಿ, ಅಂದರೆ ಇನ್ನೂ ಏಳು ವರ್ಷ ಆದಮೇಲೆ. ಕರಿಯರ ಸೊಂಟದ ಬಳುಕು ಮನೆತನಸ್ಥರಿಗೆ ತಕ್ಕದ್ದಲ್ಲ ಅಂತ ಪತ್ರಿಕೆಗಳು ದಾನ್ಸೋನನ್ನ ಬೈದವು. 1938ರಲ್ಲಿ ಒರೆಸ್ತೆಸ್ ಲೋಪೆಸ್ ‘ಮಾಂಬೋ’ ಅನ್ನೋ ಹೆಸರಿನದೇ ಒಂದು ದಾನ್ಸೋನ್ ರಚಿಸಿದ. ಅದನ್ನ ನುಡಿಸಿದ ಆರ್ಕಾನ್ಯೋ ಅನ್ನೋನ ತಂಡದಲ್ಲಿ ಮುಂದೆ ಹೊರಿನ್ ಕೂಡ ಇದ್ದ. ಹೀಗೆ ಇಂಗ್ಲೆಂಡಿನ ಹಳ್ಳಿಯಿಂದ ಹೊರಟದ್ದು ನೂರಾರು ವರ್ಷ ಸುತ್ತಿ, ಆಫ್ರಿಕಾದ ಮಕ್ಕಳ ಕೈಯಲ್ಲಿ ಮರುಹುಟ್ಟು ಪಡೆದು, ಚಾ ಚಾ ಚಾ ಆಗಿ ಇಂಗ್ಲೆಂಡಿಗೇ ವಾಪಸ್ಸು ಬಂತು.

ವಾಪಸ್ಸು ತಂದವನು ಪಿಯರ್ ಅನ್ನೋ ಶಿಕ್ಷಕ. ಲಂಡನ್ನಿನಿಂದ ಹವಾನಾಕ್ಕೆ ಹೋಗಿ, ಅಲ್ಲಿ ಕುಣಿಯೋರ ಜೊತೆ ಕುಣಿದು ಕಲಿತು ಬಂದ. ಎರಡನೇ ಪೆಟ್ಟಿಗೆ ಕಾಲು ಮುಂದೆ, ಮೂರಕ್ಕೆ ಭಾರ ಹಿಂದಿನ ಕಾಲಿಗೆ, ನಾಲ್ಕರಿಂದ ಮತ್ತೆ ಒಂದು ಬರೋದರೊಳಗೆ ಚಾ ಚಾ ಚಾ. ಹೀಗೆ ಲೆಕ್ಕ ಹಾಕಿ ತನ್ನ ಸಹನರ್ತಕಿ ಡೋರಿಸ್ ಲವೆಲ್ ಜೊತೆ ಸೇರಿ ಪಾಠ ಮಾಡಿದ. ಕುಣಿತವನ್ನ ಲೆಕ್ಕಕ್ಕೆ ಕಟ್ಟಿಹಾಕಿದ ಅಂತ ಅವನನ್ನ ಬೈಯೋಕೆ ನನಗೆ ಮನಸ್ಸಿಲ್ಲ. ಬರೆದಿಟ್ಟಿದ್ದರಿಂದಲೇ ನಮ್ಮೂರಿನ ಮಕ್ಕಳು ಕಲಿಯೋ ಹಾಗಾಯ್ತು.

ಕ್ಯೂಬಾದ ಇನ್ನೊಂದು ಕುಣಿತ ರುಂಬಾ ವಿಷಯಕ್ಕೆ ಬಂದರೆ ಮಾತ್ರ ಹೊಟ್ಟೆ ಉರಿಯುತ್ತೆ. ನಿಜವಾದ ರುಂಬಾ ಹವಾನಾ, ಮಟಾನ್ಸಾಸ್ ಬಂದರುಗಳಲ್ಲಿ ಮೂಟೆ ಹೊರೋರ ವಠಾರದ್ದು. ಒಣಮೀನು ತುಂಬಿ ಬಂದ ಮರದ ಪೆಟ್ಟಿಗೆಯನ್ನೇ ಬಡಿದು ತಾಳ ಹಾಕೋರು. ಗಂಡು ಹೆಣ್ಣು ಮುಟ್ಟದೆ ಸುತ್ತುಹಾಕಿ ಕುಣಿಯೋರು. 1930ರಲ್ಲಿ ದೋನ್ ಆಸ್ಪಿಯಾಸು ತಂಡ ‘ಎಲ್ ಮನಿಸೇರೊ’ ಅನ್ನೋ ಕಡಲೆಕಾಯಿ ಮಾರುವವನ ಹಾಡನ್ನ ನ್ಯೂಯಾರ್ಕಿನಲ್ಲಿ ಜನಪ್ರಿಯ ಮಾಡಿತು. ಅದು ‘ಸೋನ್’ ಅನ್ನೋ ಬೇರೆಯೇ ಬಗೆಯದು, ರೆಕಾರ್ಡಿನ ಮೇಲೆ ಅಚ್ಚಾದದ್ದು ರುಂಬಾ ಅಂತ. ಸ್ಪರ್ಧೆಗಳಲ್ಲಿ ಇವತ್ತು ಕೈ ಹಿಡಿದು ನಿಧಾನಕ್ಕೆ ಕುಣಿಯೋ ರುಂಬಾ ಆ ದಾರಿಯದ್ದು. ಹಮಾಲರ ಕುಣಿತದ ಹೆಸರು ಲೋಕವೆಲ್ಲ ಸುತ್ತಿತು, ಕುಣಿತ ವಠಾರದಲ್ಲೇ ಉಳಿಯಿತು. 2016ರಲ್ಲಿ ಯುನೆಸ್ಕೋ ಅದನ್ನ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಸಮಾಧಾನ.

‘ಮತ್ತೆ ಜೈವ್?’ ಅಂತೀರಾ. ಸ್ಪರ್ಧೆಗಳ ಐದು ಲ್ಯಾಟಿನ್ ಕುಣಿತಗಳಲ್ಲಿ ಅದೂ ಒಂದು, ಆದರೆ ಲ್ಯಾಟಿನ್ ಅಮೆರಿಕಕ್ಕೂ ಅದಕ್ಕೂ ಸಂಬಂಧವಿಲ್ಲ. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ, 1926ರಲ್ಲಿ ತೆರೆದ ಸವಾಯ್ ನೃತ್ಯಶಾಲೆಯಲ್ಲಿ ಕಪ್ಪು ಹುಡುಗ ಹುಡುಗಿಯರು ಬೆಳೆಸಿದ ಕುಣಿತದ ಕುಡಿ. ಎರಡನೇ ಮಹಾಯುದ್ಧಕ್ಕೆ ಹೋದ ಅಮೆರಿಕದ ಸಿಪಾಯಿಗಳು ಯುರೋಪಿಗೆ ಒಯ್ದರು. ಟ್ಯಾಂಗೋ ಕೂಡ ದೊಡ್ಡ ಮನುಷ್ಯರದ್ದಲ್ಲ, ಬ್ಯೂನಸ್ ಐರಿಸ್, ಮಾಂಟೆವಿಡಿಯೋ ಊರುಗಳ ಬಡ ವಲಸಿಗರದ್ದು. 1913ರಲ್ಲಿ ಜರ್ಮನಿಯ ದೊರೆ ತನ್ನ ಅಧಿಕಾರಿಗಳು ಸಮವಸ್ತ್ರದಲ್ಲಿ ಅದನ್ನ ಕುಣಿಯಬಾರದು ಅಂತ ಆಜ್ಞೆ ಹೊರಡಿಸಿದ್ದ. ಮಂಗಳೂರಿನ ಕ್ರೈಸ್ತ ಮದುವೆಗಳಲ್ಲಿ ಮದುಮಕ್ಕಳು ಹಿರಿಯರ ಎದುರು ಕುಣಿಯೋ ವಾಲ್ಟ್ಸ್ ಕೂಡ ಒಂದು ಕಾಲಕ್ಕೆ ಬೈಸಿಕೊಂಡದ್ದೇ. ಆಸ್ಟ್ರಿಯಾ, ದಕ್ಷಿಣ ಜರ್ಮನಿಯ ರೈತರ ಕುಣಿತ ಅದರ ಮೂಲ. ಅದು ಲಂಡನ್ನಿನ ರಾಜಮನೆತನದ ಕೂಟಕ್ಕೆ ಕಾಲಿಟ್ಟಾಗ, 1816ರಲ್ಲಿ, ‘ಟೈಮ್ಸ್’ ಪತ್ರಿಕೆ ಅಸಹ್ಯ ಅಂತ ಬರೆಯಿತು.

ಚಾ ಚಾ ಚಾ ಕೊಟ್ಟ ಹೊರಿನ್ 1987ರಲ್ಲಿ ಹವಾನಾದಲ್ಲೇ ತೀರಿಕೊಂಡ. ಡಾನ್ಸ್ ಕಲಿಸೋ ಮೇಷ್ಟ್ರುಗಳಿಗೆ ನನ್ನದು ಒಂದೇ ಕೋರಿಕೆ: ಮೊದಲ ದಿನ ಹೆಜ್ಜೆ ಎಣಿಸೋಕೆ ಹೇಳಿಕೊಡೋ ಮುಂಚೆ ಮಕ್ಕಳಿಗೆ ಅವನ ಒಂದು ಹಾಡು ಕೇಳಿಸಿ, ಅವನ ಹೆಸರು ಹೇಳಿ.