ಸರ್ವರ್ ಸಾಹೇಬ್ರು ಸೀಟಲ್ಲಿಲ್ಲ

ಈ ರಾಜ್ಯದ ಅತ್ಯಂತ ಪ್ರಭಾವಿ ಅಧಿಕಾರಿ ಯಾರು ಅಂತ ಕೇಳಿದರೆ ವಿಧಾನಸೌಧದ ಕಡೆ ಬೆರಳು ತೋರಿಸುವವರು ಇನ್ನೂ ಹಳೇ ಕಾಲದಲ್ಲೇ ಇದ್ದಾರೆ. ಮುಖ್ಯ ಕಾರ್ಯದರ್ಶಿಗಳು ನಿವೃತ್ತರಾಗುತ್ತಾರೆ, ಡೀಸಿಗಳಿಗೆ ವರ್ಗವಾಗುತ್ತದೆ, ಎಂಜಿನಿಯರ್‌ಗಳ ಮನೆಗೆ ಬೆಳ್ಳಂಬೆಳಗ್ಗೆ ಲೋಕಾಯುಕ್ತದವರು ಬಂದು ಬೀರು ತೆಗೆಸುತ್ತಾರೆ. ಸರ್ವರ್ ಸಾಹೇಬರಿಗೆ ಈ ತಾಪತ್ರಯಗಳಿಲ್ಲ. ಅವರನ್ನು ಎತ್ತಂಗಡಿ ಮಾಡಿಸಲು ಯಾವ ಶಾಸಕನ ಲೆಟರ್‌ಹೆಡ್ಡಿಗೂ ತಾಕತ್ತಿಲ್ಲ. ಕೆಪಿಎಸ್‌ಸಿ ಪ್ರಶ್ನೆಪತ್ರಿಕೆಯ ಕನ್ನಡವನ್ನು ಅರ್ಥ ಮಾಡಿಕೊಂಡು ಪಾಸಾಗಬೇಕಾದ ಕಷ್ಟವೂ ಅವರಿಗೆ ಬರಲಿಲ್ಲ. ಹುದ್ದೆಗೆ ಬಂದವರು ಯಾವ ಜಾತಿಯವರು ಅಂತ ಯಾರೂ ವಿಚಾರಿಸದ ಏಕೈಕ ನೇಮಕಾತಿಯೂ ಬಹುಶಃ ಇದೇ.

ಮೊದಲು ತಾಲ್ಲೂಕು ಕಚೇರಿಯಲ್ಲಿ ಕೆಲಸ ಆಗದಿರುವುದಕ್ಕೆ ನೂರೆಂಟು ಕಾರಣ ಇರುತ್ತಿದ್ದವು. ಸಾಹೇಬ್ರು ಕ್ಯಾಂಪಿಗೆ ಹೋಗಿದ್ದಾರೆ. ಕೇಸ್ ವರ್ಕರ್ ರಜಾ. ಫೈಲು ಮೇಲಿಂದ ಬಂದಿಲ್ಲ. ಬಂದಿದೆ, ಷರಾ ಬರೆದಿಲ್ಲ. ಆದರೆ ಒಂದೊಂದು ಸುಳ್ಳಿಗೂ ಒಂದು ಮುಖ ಇತ್ತು. ರಜಾದಲ್ಲಿದ್ದ ಕೇಸ್ ವರ್ಕರ್ ಎದುರಿನ ಕ್ಯಾಂಟೀನಿನಲ್ಲಿ ಬೈಟು ಕಾಫಿ ಕುಡಿಯುತ್ತ ಸಿಕ್ಕಿಬೀಳುತ್ತಿದ್ದ. ಜೋರು ಮಾಡಬಹುದಿತ್ತು, ಎಮ್ಮೆಲ್ಲೆ ಕಡೆಯಿಂದ ಒಂದು ಫೋನ್ ಹಾಕಿಸಬಹುದಿತ್ತು, ಏನೂ ಆಗದಿದ್ದರೆ ಏನೋ ಒಂದಿಷ್ಟು ಕೈಗಿಟ್ಟು ಮುಗಿಸಿಕೊಳ್ಳಬಹುದಿತ್ತು. ಈಗ ಕೌಂಟರಿನ ಹುಡುಗಿ ಪರದೆಯಿಂದ ಕಣ್ಣೆತ್ತದೆ ‘ಸರ್ವರ್ ಇಲ್ಲ’ ಅನ್ನುತ್ತಾಳೆ. ಸರತಿಯಲ್ಲಿದ್ದವರು ತುಟಿ ಪಿಟಿಕ್ಕೆನ್ನದೆ ಚೀಲ ಮಡಚಿಕೊಂಡು ಹೊರಡುತ್ತಾರೆ. ಅವಳ ಮೇಲೆ ಸಿಟ್ಟು ಮಾಡುವುದಾದರೂ ಹೇಗೆ? ಪಾಪ, ಹೊರಗುತ್ತಿಗೆಯವಳು. ಅವಳ ಸಂಬಳವೂ ಬಂದಿಲ್ಲ. ಅದಕ್ಕೂ ಸರ್ವರ್ರೇ ಕಾರಣವಂತೆ.

ಕಂಪ್ಯೂಟರ್ ಅಂದರೆ ಮೈ ಪರಚಿಕೊಳ್ಳುವ ಪೈಕಿ ನಾನಲ್ಲ. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ‘ಭೂಮಿ’ ಬಂದಾಗ ಈ ರಾಜ್ಯದ ರೈತನಿಗೆ ಆದ ಉಪಕಾರ ಸಣ್ಣದಲ್ಲ. ಸುಮಾರು 2 ಕೋಟಿ ಪಹಣಿ ಕಂಪ್ಯೂಟರಿಗೆ ಹತ್ತಿತು. ಗ್ರಾಮ ಲೆಕ್ಕಿಗರ ಕಂಕುಳಲ್ಲಿದ್ದ ಪುಸ್ತಕ, ಅವರ ಮರ್ಜಿ ಕಾಯುತ್ತಿದ್ದ ರೈತ, ಎರಡಕ್ಕೂ ಬಿಡುಗಡೆ ಆಯಿತು. ಆಗ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ. ಅದರಲ್ಲಿ ನನಗೆ ಬಹಳ ಹಿಡಿಸಿದ ವಿಷಯ ಎರಡು. ಒಂದು, ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಕ್ರಮದಲ್ಲೇ ವಿಲೇವಾರಿ ಮಾಡಬೇಕು, ಹಿಂದಿನದನ್ನು ಅಡಿಗೆ ತಳ್ಳಿ ಬೇಕಾದವರದನ್ನು ಮೇಲೆತ್ತುವ ಹಾಗಿಲ್ಲ. ಇನ್ನೊಂದು, ಕಂಪ್ಯೂಟರ್ ಮುಟ್ಟುವ ಮೊದಲು ಸಿಬ್ಬಂದಿ ಬೆರಳು ಒತ್ತಬೇಕು. ಯಾರು ಏನು ತಿದ್ದಿದರು ಅನ್ನುವುದಕ್ಕೆ ಸಾಕ್ಷಿ ಇರಲಿ ಅಂತ. ಅಂದರೆ ಆಗ ಸರ್ಕಾರ ನಂಬದೆ ಬೆರಳಚ್ಚು ಕೇಳಿದ್ದು ತನ್ನ ನೌಕರರ ಹತ್ತಿರ. ಆಮೇಲೆ ಅದಕ್ಕೇನನ್ನಿಸಿತೋ, ಮಿಷನ್ನನ್ನು ಜನರ ಕಡೆ ತಿರುಗಿಸಿಬಿಟ್ಟಿತು.

ಮಲೆನಾಡಿನ ಯಾವುದಾದರೂ ಹೋಬಳಿಯಲ್ಲಿ ರೇಷನ್ ಕೊಡುವ ದಿನ ಸೊಸೈಟಿ ಮುಂದೆ ಹೋಗಿ ನಿಲ್ಲಿ. ಅಡಿಕೆ ಸುಲಿಯುವ ಕಾಲವಾಗಿದ್ದರೆ ಇನ್ನೂ ಒಳ್ಳೆಯದು. ಮೆಟ್ಟುಗತ್ತಿಯ ಮುಂದೆ ರಾತ್ರಿಯೆಲ್ಲ ಕೂತು ಬಂದ ಹೆಂಗಸರ ಬೆರಳು ಕಪ್ಪುಗಟ್ಟಿ, ಒರಟಾಗಿ, ಗೆರೆ ಎಲ್ಲಿ ಸಿಪ್ಪೆ ಎಲ್ಲಿ ತಿಳಿಯದಂತಾಗಿರುತ್ತದೆ. ಮಿಷನ್ ಅವರನ್ನು ಗುರುತಿಸುವುದಿಲ್ಲ. ಹಿಂದಿನ ತಿಂಗಳು ಅದೇ ಬೆರಳಿಗೆ ಅಕ್ಕಿ ಕೊಟ್ಟ ಮಿಷನ್ನೇ ಅದು. ‘ಅಜ್ಜಿ, ಸೆರಗಲ್ಲಿ ಒರೆಸ್ಕೊಂಡು ಇನ್ನೊಂದ್ಸಲ ಒತ್ತು.’ ಒತ್ತಿದಳು, ಇಲ್ಲ. ‘ನಿಂಬೆಹಣ್ಣು ತಿಕ್ಕಿ ತೊಳ್ಕೊಂಡು ಬಾ.’ ಬಂದಳು, ಇಲ್ಲ. ‘ಉಂಗುರದ ಬೆರಳು ಕೊಡು.’ ಕೊಟ್ಟಳು. ಮಿಷನ್ ಸ್ವಲ್ಪ ಹೊತ್ತು ಸುತ್ತಿ ಸುತ್ತಿ ಬೆರಳು ಸರಿಯಿದೆ ಅಂತ ಒಪ್ಪಿಕೊಂಡಿತು. ಅಷ್ಟರಲ್ಲಿ ಸರ್ವರ್ ಹೋಯಿತು. ‘ತಮ್ಮಾ, ಈ ಅಂಗಡಿ ಕಟ್ಟುವಾಗ ಕಲ್ಲು ಹೊತ್ತವಳು ನಾನು. ನಾನು ನಾನಲ್ಲ ಅನ್ನಕ್ಕೆ ಅದ್ಯಾವನೋ?’ ಅಂತ ಅಜ್ಜಿ ಕೇಳಿದರೆ, ‘ನಂಗೊತ್ತಜ್ಜಿ, ಅದಕ್ಕೆ ಗೊತ್ತಾಗ್ಬೇಕಲ್ಲ’ ಅಂತ ಸೊಸೈಟಿಯವನು ಮಿಷನ್ ಹಿಡಿದು ಸಿಗ್ನಲ್ ಸಿಗುವ ದಿಬ್ಬದ ಕಡೆ ಹೊರಟ. ಹಿಂದೆ ಇಡೀ ಸಾಲು ಹೊರಟಿತು.

ಇದರೊಳಗೆ ಇನ್ನೊಂದು ತಮಾಷೆ ಇದೆ. 1990ರ ದಶಕದ ಸಾಕ್ಷರತಾ ಆಂದೋಲನದಲ್ಲಿ ಲಾಟೀನು, ಸ್ಲೇಟು ಹಿಡಿದು ಊರೂರು ತಿರುಗಿದವರು ಈ ಅಜ್ಜಿಯರಿಗೆ ಹೇಳಿದ್ದೇ ಒಂದು ಮಾತು: ಹೆಬ್ಬೆಟ್ಟು ಒತ್ತುವುದು ಅವಮಾನ, ಸಹಿ ಹಾಕಲು ಕಲಿಯಿರಿ. ಕಷ್ಟಪಟ್ಟು, ನಾಚಿಕೊಂಡು, ಮೊಮ್ಮಕ್ಕಳಿಂದ ನಗಿಸಿಕೊಂಡು ಕಲಿತರು. ಕಲಿತ ಸಹಿಯನ್ನು ಈಗ ಯಾವ ಕಚೇರಿಯೂ ಕೇಳುವುದಿಲ್ಲ. ಐಐಟಿ ಓದಿದವನಿಂದ ಹಿಡಿದು ಅಡಿಕೆ ಸುಲಿಯುವವಳವರೆಗೆ ಎಲ್ಲರನ್ನೂ ಸಮಾನವಾಗಿ ಹೆಬ್ಬೆಟ್ಟು ಮಾಡಿದ ಕೀರ್ತಿ ಡಿಜಿಟಲ್ ಕ್ರಾಂತಿಗೇ ಸಲ್ಲಬೇಕು.

ವಿಳಂಬಕ್ಕೆ ಈ ರಾಜ್ಯದಲ್ಲಿ ದಂಡ ಇಲ್ಲವೆಂದಲ್ಲ. 2011ರಲ್ಲೇ ‘ಸಕಾಲ’ದ ಕಾನೂನು ಬಂತು. ಹೇಳಿದ ದಿನಕ್ಕೆ ಕೆಲಸ ಆಗದಿದ್ದರೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿವರೆಗೆ, ತಡ ಮಾಡಿದವರ ಸಂಬಳದಿಂದ ಅರ್ಜಿದಾರನಿಗೆ ಪರಿಹಾರ. ಒಳ್ಳೆಯ ಕಾನೂನು, ಓದಿದರೆ ಖುಷಿಯಾಗುತ್ತದೆ. ಆದರೆ ಅದನ್ನು ಬರೆದವರಿಗೆ ಸಂಬಳವೇ ಇಲ್ಲದ ಅಧಿಕಾರಿಯೊಬ್ಬರು ಬರುತ್ತಾರೆ ಅಂತ ಹೊಳೆದಿರಲಿಕ್ಕಿಲ್ಲ. ಸರ್ವರ್ ಸಾಹೇಬರ 20 ರೂಪಾಯಿ ಯಾವ ಬಾಬ್ತಿನಿಂದ ಕಡಿಯುವುದು?

ರಾಜಕಾರಣಿಗಳಿಗೆ ಸಾಹೇಬರ ಬೆಲೆ ಗೊತ್ತಾಗಿದ್ದು 2023ರ ಜೂನ್‌ನಲ್ಲಿ. ರಾಜ್ಯ ಸರ್ಕಾರದ ಗ್ಯಾರಂಟಿ ಯೋಜನೆಗಳಿಗೆ ಅರ್ಜಿ ಹಾಕಲು ಜನ ಮುಗಿಬಿದ್ದರು. ಸರ್ವರ್ ಮಲಗಿತು. ಇಷ್ಟು ಜನ ಬರುತ್ತಾರೆ ಅಂತ ಮೊದಲೇ ಲೆಕ್ಕ ಹಾಕಬೇಕಿತ್ತು ಅಂತ ಒಪ್ಪಿಕೊಂಡರೆ ಅದು ಆಡಳಿತ ಆಗುತ್ತಿತ್ತು, ರಾಜಕೀಯ ಆಗುತ್ತಿರಲಿಲ್ಲ. ಸಚಿವ ಸತೀಶ ಜಾರಕಿಹೊಳಿಯವರು ಕೇಂದ್ರ ಸರ್ಕಾರದವರೇ ನಮ್ಮ ಸರ್ವರ್ ಹ್ಯಾಕ್ ಮಾಡಿದ್ದಾರೆ ಅಂದುಬಿಟ್ಟರು. ದೆಹಲಿಯವರಿಗೆ ಬೇರೆ ಕಸುಬಿಲ್ಲವೇ ಅಂತ ವಿರೋಧ ಪಕ್ಷದವರು ನಕ್ಕರು. ನಗುವ ಮುಂಚೆ ತಮ್ಮ ಕಾಲದಲ್ಲಿ ಸೇವಾ ಕೇಂದ್ರದ ಬಾಗಿಲಿಗೆ ‘ಸರ್ವರ್ ಸಮಸ್ಯೆ’ ಅಂತ ಅಂಟಿಸಿದ್ದ ಚೀಟಿಯನ್ನು ಕಿತ್ತು ಬರಬಹುದಿತ್ತು; ಮುಂದಿನ ಸರ್ಕಾರಕ್ಕೂ ಉಪಯೋಗಕ್ಕೆ ಬರಲಿ ಅಂತ ಬಿಟ್ಟರೇನೋ. 2025ರ ಆರಂಭದಲ್ಲಿ ನೋಂದಣಿ ಇಲಾಖೆಯ ‘ಕಾವೇರಿ 2.0’ ನಿಂತಾಗ ಮಾತ್ರ ನಿಜವಾಗಿಯೂ ಸೈಬರ್ ದಾಳಿ ಆಗಿತ್ತು. ನಕಲಿ ಖಾತೆ ಮಾಡಿಕೊಂಡು ಒಟ್ಟಿಗೆ ಲೆಕ್ಕವಿಲ್ಲದಷ್ಟು ಕೋರಿಕೆ ಕಳಿಸಿ ಸರ್ವರ್‌ಗೆ ಉಸಿರು ಕಟ್ಟಿಸಿದ್ದರು. ಸಬ್ ರಿಜಿಸ್ಟ್ರಾರ್ ಕಚೇರಿಯ ಮೆಟ್ಟಿಲ ಮೇಲೆ ಮದುವೆ ಸೀರೆ ಉಟ್ಟುಕೊಂಡು, ಸಾಕ್ಷಿಗಳನ್ನು ಕರೆದುಕೊಂಡು ಕೂತಿದ್ದವರಿಗೆ ಇದು ನಿಜವಾದ ದಾಳಿ, ಇದು ಮಾಮೂಲಿ ದಿನ ಅಂತ ವ್ಯತ್ಯಾಸ ತಿಳಿದಿದ್ದು ಮಾರನೇ ದಿನ ಪೇಪರ್ ನೋಡಿದ ಮೇಲೆ.

ಒಂದು ಸೂಕ್ಷ್ಮವನ್ನು ಗಮನಿಸಬೇಕು. ಸಾಹೇಬರಿಗೆ ಜ್ಞಾನ ತಪ್ಪುವುದು ಕೊಡುವ ಕೌಂಟರಿನಲ್ಲಿ ಮಾತ್ರ. ವಸೂಲಿ ಕೌಂಟರಿನಲ್ಲಿ ಅವರು ನಿದ್ದೆ ಮಾಡಿದ ಉದಾಹರಣೆ ಕಡಿಮೆ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಯವರಿಗೆ ನೋಟಿಸ್ ಕಳಿಸಿತಲ್ಲ, ಆಗ ನೋಡಬೇಕಿತ್ತು ಸರ್ವರ್‌ನ ಸ್ಮರಣಶಕ್ತಿ! 2021ರಿಂದ ಈಚೆಗೆ ಯುಪಿಐನಲ್ಲಿ ಬಂದ ಒಂದೊಂದು ರೂಪಾಯಿಯೂ ಅದಕ್ಕೆ ಬಾಯಿಪಾಠ. ತರಕಾರಿಗೆ ತೆರಿಗೆಯೇ ಇಲ್ಲ ಅನ್ನುವುದೊಂದು ಮಾತ್ರ ನೆನಪಿರಲಿಲ್ಲ. ಸ್ಟಾರ್ಟಪ್ ರಾಜಧಾನಿಯ ಚಹದಂಗಡಿಗಳು ರಾತ್ರೋರಾತ್ರಿ ಕ್ಯೂಆರ್ ಕೋಡ್ ಕಿತ್ತು ‘ಕ್ಯಾಶ್ ಮಾತ್ರ’ ಅಂತ ಬರೆದ ರಟ್ಟು ನೇತುಹಾಕಿದವು. ಕೊನೆಗೆ ಮುಖ್ಯಮಂತ್ರಿಗಳೇ ವ್ಯಾಪಾರಿಗಳನ್ನು ಕರೆಸಿ ಸಮಾಧಾನ ಮಾಡಬೇಕಾಯಿತು. ಟೋಲಿನಲ್ಲಿ ಫಾಸ್ಟ್ಯಾಗ್ ಓದದಿದ್ದರೂ ಅಷ್ಟೇ. ಅಲ್ಲಿ ‘ಸರ್ವರ್ ಇಲ್ಲ, ನಾಳೆ ಬನ್ನಿ’ ಅಂದವರುಂಟೇ? ಟ್ಯಾಗ್ ಕೆಲಸ ಮಾಡದಿದ್ದರೆ ನಗದಿನಲ್ಲಿ ದುಪ್ಪಟ್ಟು ಅಂತ 2021ರಲ್ಲೇ ನಿಯಮ ಮಾಡಿ ಇಟ್ಟುಕೊಂಡಿದ್ದರು. ಯಂತ್ರ ಕೆಟ್ಟರೆ ಏನು ಮಾಡಬೇಕು ಅಂತ ಸರ್ಕಾರಕ್ಕೆ ಗೊತ್ತಿಲ್ಲದೇ ಇಲ್ಲ.

ಸಾಹೇಬರ ಕೈಕೆಳಗೆ ದುಡಿಯುವವರ ಪಾಡೂ ಚೆನ್ನಾಗಿಲ್ಲ. ಗ್ರಾಮ ಲೆಕ್ಕಿಗರಿಗೆ ಗ್ರಾಮ ಆಡಳಿತಾಧಿಕಾರಿ ಅಂತ ದೊಡ್ಡ ಹೆಸರು ಕೊಟ್ಟರು, ಜೊತೆಗೆ ಆ್ಯಪ್ ಕೊಟ್ಟರು. ಒಂದಲ್ಲ. ಬಗರ್ ಹುಕುಂಗೊಂದು, ಲ್ಯಾಂಡ್ ಬೀಟ್‌ಗೊಂದು, ಪಹಣಿಗೆ ಆಧಾರ್ ಜೋಡಿಸಲೊಂದು. 2024ರ ಸೆಪ್ಟೆಂಬರ್ ಕೊನೆಗೆ ಅವರು ಮುಷ್ಕರಕ್ಕೆ ಕೂತಾಗ ಕೇಳಿದ ಬೇಡಿಕೆಗಳಲ್ಲಿ ಟೇಬಲ್ಲು, ಕುರ್ಚಿ, ಬೀರು ಇದ್ದವು. ಆಕಾಶದಲ್ಲಿ ಕ್ಲೌಡ್ ಕಟ್ಟಿದ ಇಲಾಖೆ ನೆಲದ ಮೇಲೆ ಕುರ್ಚಿ ಹಾಕುವುದನ್ನು ಮರೆತಿತ್ತು. ಮರುವರ್ಷ ಸರದಿ ಮೇಷ್ಟ್ರುಗಳದ್ದು. 2025ರ ಸೆಪ್ಟೆಂಬರ್ 22ಕ್ಕೆ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ ಶುರುವಾಯಿತು. ಪ್ರಶ್ನೆ 60, ಮನೆಗೊಂದು ಸ್ಟಿಕ್ಕರ್, ಒಂದು ಆ್ಯಪ್. ಜನರನ್ನು ಜಾತಿ ಯಾವುದು ಅಂತ ಕೇಳಿದ್ದಕ್ಕಿಂತ ನೆಟ್‌ವರ್ಕ್ ಎಲ್ಲಿ ಬರುತ್ತದೆ ಅಂತ ಕೇಳಿದ್ದೇ ಹೆಚ್ಚು ಅಂತ ನಮ್ಮ ಕಡೆಯ ಮೇಷ್ಟ್ರೊಬ್ಬರು ಹೇಳಿದರು. ಓಟಿಪಿ ಬರುವುದು ಯಜಮಾನನ ಫೋನಿಗೆ, ಯಜಮಾನ ಬೆಂಗಳೂರಿನಲ್ಲಿ. ಹೇಳಿದ ದಿನಕ್ಕೆ ಮುಗಿಯಲಿಲ್ಲ. ಸರ್ಕಾರ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಎಳೆಯಿತು. ಸರ್ವರ್‌ಗೆ ಜೈ ಅಂದವರು ರಾಜ್ಯದಲ್ಲಿ ಯಾರಾದರೂ ಇದ್ದರೆ ಅದು ಆ ದಿನಗಳ ಶಾಲಾ ಮಕ್ಕಳು ಮಾತ್ರ.

ಸರ್ವರ್ ಕೈಕೊಡುವುದು ನಮ್ಮ ದೇಶದ ಖಾಸಾ ಗುಣ ಅಂತಲೂ ಅಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಅನ್ನುವ ಅಮೆರಿಕದ ಕಂಪನಿ ಕಳಿಸಿದ ಒಂದು ಕೆಟ್ಟ ಅಪ್‌ಡೇಟಿಗೆ ಜಗತ್ತಿನ ಸುಮಾರು 85 ಲಕ್ಷ ಕಂಪ್ಯೂಟರ್‌ಗಳು ನೀಲಿ ಮುಖ ಮಾಡಿಕೊಂಡು ಕೂತವು. ಕೆಂಪೇಗೌಡ ವಿಮಾನ ನಿಲ್ದಾಣದಲ್ಲೂ ಉದ್ದುದ್ದ ಸಾಲು. ಆಗ ನಮ್ಮ ದೇಶದ ವಿಮಾನ ಕಂಪನಿಗಳವರು ಏನು ಮಾಡಿದರು? ಪೆನ್ನು ತೆಗೆದರು. ಹೆಸರು, ಸೀಟು, ಗೇಟು ಎಲ್ಲ ಕೈಯಲ್ಲಿ ಬರೆದು ಬೋರ್ಡಿಂಗ್ ಪಾಸ್ ಕೊಟ್ಟರು. ಪ್ರಯಾಣಿಕರು ಅದರ ಫೋಟೋ ಹಾಕಿ, ಎಷ್ಟು ಚಂದ, ಹಳೇ ಕಾಲ ನೆನಪಾಯಿತು ಅಂತ ಬರೆದುಕೊಂಡರು. ಆ ಚೀಟಿ ತೋರಿಸಿಯೇ ವಿಮಾನ ಹತ್ತಿದರು. ಜಗತ್ತಿನಲ್ಲೇ ಅತ್ಯಂತ ಬಿಗಿ ತಪಾಸಣೆ ಇರುವ ಜಾಗದಲ್ಲಿ, ಬಾಂಬು, ಅಪಹರಣ ಅಂತ ಬೆಲ್ಟು ಬಿಚ್ಚಿಸುವ ಜಾಗದಲ್ಲಿ, ಕೈಬರಹ ನಡೆಯಿತು. ಐದು ಕಿಲೋ ಅಕ್ಕಿಗೆ ಅದು ನಡೆಯುವುದಿಲ್ಲ. ಅಜ್ಜಿ ಬೇರೆಯವರ ಹೆಸರಲ್ಲಿ ಅನ್ನ ಉಂಡುಬಿಟ್ಟರೆ ದೇಶದ ಭದ್ರತೆಯ ಗತಿಯೇನು?

ನಿಯಮವಿಲ್ಲ ಅನ್ನುವ ಹಾಗೂ ಇಲ್ಲ. ಆಧಾರ್ ಇಲ್ಲ, ಬೆರಳು ಹೊಂದಲಿಲ್ಲ, ನೆಟ್‌ವರ್ಕ್ ಇಲ್ಲ ಅಂತ ಅರ್ಹರಿಗೆ ರೇಷನ್ ತಪ್ಪಿಸಬೇಡಿ, ಬೇರೆ ದಾಖಲೆ ನೋಡಿ ಕೊಡಿ, ಒಂದು ಪುಸ್ತಕದಲ್ಲಿ ಬರೆದಿಡಿ ಅಂತ ಕೇಂದ್ರ ಸರ್ಕಾರವೇ 2017ರ ಅಕ್ಟೋಬರ್‌ನಲ್ಲಿ ಎಲ್ಲ ರಾಜ್ಯಗಳಿಗೂ ಸುತ್ತೋಲೆ ಕಳಿಸಿದೆ. ದಿಬ್ಬದ ಮೇಲೆ ಮಿಷನ್ನನ್ನು ಆಕಾಶಕ್ಕೆ ಎತ್ತಿ ಹಿಡಿದು ನಿಂತಿದ್ದ ಸೊಸೈಟಿಯವನಿಗೆ ಇದನ್ನು ಹೇಳಿದೆ.

‘ಬರ್ಕೊಂಡು ಕೊಡಬೌದು ಸಾರ್, ಅದಕ್ಕೇನು’ ಅಂದ. ‘ಆದ್ರೆ ಬರ್ಕೊಂಡಿದ್ದನ್ನ ಸಂಜೆ ಮಿಷನ್ನಿಗೇ ಹತ್ತಿಸ್ಬೇಕು. ಅದಕ್ಕೆ ಸರ್ವರ್ ಬರ್ಬೇಕಲ್ಲ, ಮಾರಾಯ್ರೆ?’